ತೂಕ ಸರಿಯಿರುವ ಅಂಗಡಿಯಿಂದ ಶಾಲೆಯವರೆಗೆ

ಮಾನ್ಯ ಸಂಪಾದಕರೇ,

ಛತ್ತೀಸಗಢದ ನಾರಾಯಣಪುರದಲ್ಲಿ ರಾಮಕೃಷ್ಣ ಮಿಷನ್ 1985ರಿಂದ ನಡೆಸಿಕೊಂಡು ಬಂದಿರುವ ಸೇವೆ ಕನ್ನಡದ ಓದುಗರ ಗಮನಕ್ಕೆ ಬಂದಿರುವುದು ಕಡಿಮೆ. ರಾಯಪುರದ ಸ್ವಾಮಿ ಆತ್ಮಾನಂದರ ಪ್ರಯತ್ನದಿಂದ ಆರಂಭವಾದ ಈ ಕೇಂದ್ರವು ಅಬೂಝ್‌ಮಾಡ್ ಬೆಟ್ಟಗಳ ಮಾಡಿಯಾ ಬುಡಕಟ್ಟಿನ ಜನರಿಗಾಗಿ ವಸತಿ ಶಾಲೆ ಮತ್ತು ಆಸ್ಪತ್ರೆಯನ್ನು ನಡೆಸುತ್ತಿದೆ.

ನನಗೆ ಇವೆರಡಕ್ಕಿಂತಲೂ ಮುಖ್ಯವಾಗಿ ಕಾಣುವುದು ಅದು ಕಾಡಿನೊಳಗೆ ತೆರೆದ ನ್ಯಾಯಬೆಲೆ ಅಂಗಡಿಗಳು. ನಾರಾಯಣಪುರವಿರುವ ಬಸ್ತರ್ ಸೀಮೆಯ ಸಂತೆಗಳಲ್ಲಿ ವ್ಯಾಪಾರಿಗಳು ಆದಿವಾಸಿಗಳಿಗೆ ಒಂದು ಅಳತೆ ಉಪ್ಪು ಕೊಟ್ಟು, ಅದರ ಎಷ್ಟೋ ಪಟ್ಟು ಬೆಲೆಬಾಳುವ ಚಾರೋಳಿ ಎಂಬ ಕಾಡುಬೀಜವನ್ನು ಅಷ್ಟೇ ಅಳತೆಯಲ್ಲಿ ಪಡೆಯುತ್ತಿದ್ದ ಕಾಲವಿತ್ತು. ಅಂಥ ಸೀಮೆಯಲ್ಲಿ ಸರಿಯಾದ ಬೆಲೆಗೆ ಉಪ್ಪು, ಅಕ್ಕಿ, ಸೀಮೆಎಣ್ಣೆ ಸಿಗುವುದೆಂದರೆ ಅದು ದಾನವಲ್ಲ, ಬಹುಕಾಲ ತಪ್ಪಿಹೋಗಿದ್ದ ನ್ಯಾಯ. ಅಂಗಡಿಯಲ್ಲಿ ಮೋಸವಿಲ್ಲವೆಂಬ ನಂಬಿಕೆ ಹುಟ್ಟಿದ ಮೇಲೆ ಅದೇ ಸಂಸ್ಥೆಯ ಶಾಲೆಗೆ ಮಗುವನ್ನು ಕಳಿಸುವುದು ತಾಯಿಗೆ ಸುಲಭವಾಗುತ್ತದೆ.

ಒಂದು ಕಳವಳವನ್ನೂ ಹೇಳಲೇಬೇಕು. ಮನೆಯಿಂದ ದೂರವಾಗಿ ಹಿಂದಿಯಲ್ಲಿ ಕಲಿಯುವ ಮಗುವಿಗೆ ತನ್ನ ಮಾತು, ಕಾಡಿನ ಅರಿವು ಮರೆತುಹೋಗುವ ಅಪಾಯವಿದೆ. ಧಾರ್ಮಿಕ ಸಂಸ್ಥೆಗಳು ತಮ್ಮ ಆಚರಣೆಗಳ ಜೊತೆಗೆ ಆ ಜನರ ದೈವಗಳಿಗೂ ಹಬ್ಬಗಳಿಗೂ ಸಮನಾದ ಗೌರವ ಕೊಡಬೇಕು.

ನಮ್ಮಲ್ಲಿಯೂ ಜೇನುಕುರುಬರು ಮತ್ತು ಕೊರಗರು ಅಬೂಝ್‌ಮಾಡಿನ ಮಾಡಿಯಾ ಜನರಂತೆಯೇ ವಿಶೇಷವಾಗಿ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ. ಅವರ ಮಕ್ಕಳು ಓದುವ ಆಶ್ರಮ ಶಾಲೆಗಳಿಗೆ ಆಯಾ ಹಾಡಿಯ ಮಾತು ಬಲ್ಲ ಒಬ್ಬ ಶಿಕ್ಷಕರನ್ನಾದರೂ ನೇಮಿಸಬೇಕೆಂದು, ಮಠಗಳೂ ಮಿಷನ್‌ಗಳೂ ಅಂಥ ಯುವಕ ಯುವತಿಯರ ತರಬೇತಿಯ ವೆಚ್ಚವನ್ನು ವಹಿಸಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ,
ಓದುಗ, ಮೈಸೂರು