ಇಂಜಿನ್ ತಡ ಆಗ್ತಾ ಇದೆ, ಹಾಗಾಗಿ ಕಂತು ಮತ್ತು ಕೆಲಸದ ಕ್ರಮ ಬದಲಾಯಿಸಿದೀವಿ

ನಮಸ್ಕಾರ,

ನಮ್ಮ ಶೆಡ್ಡಲ್ಲಿ ತಮ್ಮ ಸಿಎಚ್ 701 ಕಿಟ್ (ಬಿಡಿ ಭಾಗ ತಂದು ಜೋಡಿಸೋ ಎರಡು ಸೀಟಿನ ಸಣ್ಣ ವಿಮಾನ) ಕಟ್ತಾ ಇರೋ ಎಲ್ಲರಿಗೂ ಈ ಪತ್ರ. ಈ ತಿಂಗಳು ಬರಬೇಕಿದ್ದ ರೋಟ್ಯಾಕ್ಸ್ 912 ಇಂಜಿನ್‌ಗಳು ಬರ್ತಾ ಇಲ್ಲ. ನಾವು ಆರ್ಡರ್ ಕೊಟ್ಟಿರೋ ಡೀಲರ್ ತಾರೀಖನ್ನ ಮತ್ತೆ ಮುಂದಕ್ಕೆ ಹಾಕಿದಾರೆ, ಈ ಸಲ ಹೊಸ ತಾರೀಖನ್ನೂ ಹೇಳಿಲ್ಲ. ಅವರೇ ಹೇಳದೇ ಇರೋವಾಗ ನಾವು ಅಂದಾಜಲ್ಲಿ ಒಂದು ತಿಂಗಳ ಹೆಸರು ಹೇಳಿ ನಿಮಗೆ ಆಸೆ ಹುಟ್ಟಿಸೋದು ಸರಿಯಲ್ಲ. ಸಂಜೆ ಆಫೀಸ್ ಮುಗಿಸ್ಕೊಂಡು ಬಂದು ರಿವೆಟ್ ಹೊಡ್ಕೊಂಡು ಇಲ್ಲಿವರೆಗೂ ತಂದಿದೀರಿ, ಈಗ ಬಂದು ಕಾಯೋದು ಎಷ್ಟು ಕಷ್ಟ ಅಂತ ನಮಗೆ ಗೊತ್ತು.

ಮೊದಲು ದುಡ್ಡಿನ ವಿಷ್ಯ. ಇಲ್ಲಿವರೆಗೆ ರೆಕ್ಕೆ ಕೆಲಸ ಮುಗಿದ ತಕ್ಷಣ ಇಂಜಿನ್ ಕಂತು ಕಟ್ಟಬೇಕು ಅಂತಿತ್ತು, ಅದನ್ನ ತೆಗೆದಿದೀವಿ. ಇನ್ಮೇಲೆ ನಿಮ್ಮ ಹೆಸರಿಗೆ ಅಲಾಟ್ ಆದ ಇಂಜಿನ್‌ನ ಸೀರಿಯಲ್ ನಂಬರ್ ಡೀಲರ್ ಕೊಟ್ಟು, ಆ ಕಾಗದವನ್ನ ನೀವು ಕಣ್ಣಾರೆ ನೋಡಿದ ಮೇಲೇನೇ ಆ ಕಂತು. ಆಗ್ಲೇ ಕಟ್ಟಿರೋರು ವಾಪಸ್ ಕೇಳಿದ್ರೆ ಪೂರ್ತಿ ವಾಪಸ್ ಕೊಡ್ತೀವಿ, ಕಾರಣ ಕೇಳಲ್ಲ, ಕ್ಯೂನಲ್ಲಿ ನಿಮ್ಮ ಜಾಗವೂ ಹೋಗಲ್ಲ. ಇಂಜಿನ್‌ಗೆ ಕಾಯ್ತಾ ಇರೋ ವಿಮಾನಕ್ಕೆ ಶೆಡ್ ಬಾಡಿಗೆನೂ ಇಲ್ಲ.

ಇನ್ನು ಕೆಲಸ. ಇಂಜಿನ್ ಬರ್ಲಿ ಆಮೇಲೆ ನೋಡೋಣ ಅಂತ ಕೂರೋದು ಬೇಡ, ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಹಿಂದಿನದೆಲ್ಲ ಈಗ್ಲೇ ಮುಗಿಸೋಣ, ಕಂಟ್ರೋಲ್ ಕೇಬಲ್, ಕ್ಯಾಬಿನ್ ವೈರಿಂಗ್, ಬಾಗಿಲು, ಬ್ರೇಕ್ ಎಲ್ಲಾ. ಪೆಟ್ರೋಲ್ ಟ್ಯಾಂಕ್ ಲೀಕ್ ಟೆಸ್ಟ್ ಈ ವಾರದಿಂದ ಶುರು. ವೆಂಟ್ (ಟ್ಯಾಂಕ್‌ಗೆ ಗಾಳಿ ಆಡೋ ಕೊಳವೆ) ಬಾಯಿಗೆ ಒಂದು ಬಲೂನ್ ಕಟ್ಟಿ, ಮಿಕ್ಕಿದ ತೂತೆಲ್ಲ ಮುಚ್ಚಿ, ಸ್ವಲ್ಪ ಗಾಳಿ ತುಂಬಿ ವೆಲ್ಡಿಂಗ್ ಮೇಲೆಲ್ಲ ಸೋಪಿನ ನೀರು ಸವರೋದು, ಎಲ್ಲಿ ಗುಳ್ಳೆ ಏಳುತ್ತೋ ಅಲ್ಲಿ ಗುರುತು ಹಾಕೋದು, ಬಲೂನ್ ಮಾರನೇ ದಿನವೂ ಹಾಗೇ ಉಬ್ಬಿದ್ರೆ ಟ್ಯಾಂಕ್ ಪಾಸ್. (ಬಿಸಿಲು ಏರಿಳಿದ ಹಾಗೆ ಬಲೂನೂ ಹಿಗ್ಗಿ ಕುಗ್ಗುತ್ತೆ, ಬೆಳಿಗ್ಗೆಗೆ ಬೆಳಿಗ್ಗೆ ಹೋಲಿಸಿ.) ರೆಕ್ಕೆ ಕೆಳಗಿನ ಸ್ಕಿನ್ (ತಗಡಿನ ಹೊದಿಕೆ) ಮುಚ್ಚೋ ಮುಂಚೆ ಒಳಗಿನ ಫೋಟೋ ತೆಗೆದು ಬಿಲ್ಡ್ ಲಾಗ್‌ಗೆ, ಅಂದ್ರೆ ಕೆಲಸದ ದಾಖಲೆ ಪುಸ್ತಕಕ್ಕೆ, ಹಾಕೋದನ್ನ ದಯವಿಟ್ಟು ಮರೀಬೇಡಿ, ಮುಚ್ಚಿದ ಮೇಲೆ ಯಾರಿಗೂ ತೋರಿಸೋಕಾಗಲ್ಲ.

ಕೆಲವು ಸಾಮಾನು ಮಾತ್ರ ಈಗ ತಗೋಬೇಡಿ ಅಂತ ಕೇಳ್ಕೋತೀವಿ. ಬ್ಯಾಟರಿ ಸುಮ್ನೆ ಕೂತ್ರೂ ಹಳೇದಾಗುತ್ತೆ. ಈ ಇಂಜಿನ್‌ನ ರಬ್ಬರ್ ಭಾಗಗಳನ್ನ, ಹೋಸ್‌ಗಳೂ ಸೇರಿ, 5 ವರ್ಷಕ್ಕೊಮ್ಮೆ ಬದಲಾಯಿಸಬೇಕು, ಅಂಥಾ ಹೋಸ್ ತಂದು ಈಗಿನಿಂದ ಕಪಾಟಲ್ಲಿ ಇಟ್ಕೊಂಡು ಏನ್ ಮಾಡೋದು. ಡಿಸ್‌ಪ್ಲೇ, ರೇಡಿಯೋ ಕೂಡ ಕೊನೇಗೆ ತಗೊಂಡ್ರೆ ವಾರಂಟಿ ಡಬ್ಬದಲ್ಲೇ ಮುಗಿದು ಹೋಗಲ್ಲ.

ಸುಮಾರು ಜನ ಕೇಳ್ತಾ ಇದೀರಿ, ಬೇರೆ ಇಂಜಿನ್ ಹಾಕಿಬಿಡಬಾರ್ದಾ ಅಂತ. ನ್ಯಾಯವಾದ ಪ್ರಶ್ನೆ. ಆಸ್ಟ್ರೇಲಿಯಾದ ಜಬಿರು 2200 ಒಳ್ಳೇ ಇಂಜಿನ್, 85 ಹಾರ್ಸ್‌ಪವರ್, ಆದ್ರೆ ಅದು ಡೈರೆಕ್ಟ್ ಡ್ರೈವ್, ಅಂದ್ರೆ ನಡುವೆ ಗೇರ್ ಇಲ್ಲ, ಫುಲ್ ಪವರ್‌ಗೆ ಪ್ರೊಪೆಲ್ಲರ್ 3,300 ಆರ್‌ಪಿಎಂ ತಿರುಗಬೇಕು. ನಾವು ಆರ್ಡರ್ ಮಾಡಿರೋ 100 ಹಾರ್ಸ್‌ಪವರ್ 912 ಯುಎಲ್‌ಎಸ್ ತಾನು 5,800ರಲ್ಲಿ ಓಡಿದ್ರೂ ಗೇರ್‌ಬಾಕ್ಸ್ ಅದನ್ನ 2.43 ಪಟ್ಟು ಇಳಿಸುತ್ತೆ, ಪ್ರೊಪೆಲ್ಲರ್‌ಗೆ ಸಿಗೋದು ಸುಮಾರು 2,400. ಸಣ್ಣ ಜಾಗದಲ್ಲಿ ಏಳೋ ಇಳಿಯೋ ವಿಮಾನಕ್ಕೆ ನಿಧಾನಕ್ಕೆ ತಿರುಗೋ ದೊಡ್ಡ ಪ್ರೊಪೆಲ್ಲರ್‌ನೇ ಬೇಕು. ಅದೂ ಅಲ್ದೆ ಜಬಿರು ಪೂರ್ತಿ ಗಾಳಿಯಿಂದ ತಣ್ಣಗಾಗೋದು, ರೋಟ್ಯಾಕ್ಸ್‌ನ ಸಿಲಿಂಡರ್ ಹೆಡ್‌ಗೆ ನೀರು, ಅಂದ್ರೆ ಮೌಂಟ್ (ಇಂಜಿನ್ ಕೂರೋ ಚೌಕಟ್ಟು), ಕೌಲಿಂಗ್ (ಇಂಜಿನ್ ಮೇಲಿನ ಮುಚ್ಚಳ), ರೇಡಿಯೇಟರ್ ಜಾಗ, ತೂಕದ ಲೆಕ್ಕ, ಪೇಪರ್ ಎಲ್ಲಾ ಹೊಸದಾಗಿ ಮಾಡಬೇಕು, ಅಷ್ಟರಲ್ಲಿ ಈ ಇಂಜಿನ್ನೇ ಬಂದಿರುತ್ತೆ. ಮಾರುತಿ ಇಂಜಿನ್ ಬಗ್ಗೆನೂ ಕೇಳಿದಾರೆ, ಹೊರದೇಶದಲ್ಲಿ ಸುಜುಕಿ ಕಾರ್ ಇಂಜಿನ್‌ಗೆ ರಿಡಕ್ಷನ್ (ವೇಗ ಇಳಿಸೋ ಗೇರ್ ಅಥವಾ ಬೆಲ್ಟ್) ಹಾಕಿ ಹಾರಿಸೋರು ಇದಾರೆ ನಿಜ, ನಮಗೆ ಆ ಅನುಭವ ಇಲ್ಲ, ಅನುಭವ ಇಲ್ಲದ ಕೆಲಸಾನ ನಿಮ್ಮ ಜೀವದ ಮೇಲೆ ಮಾಡಲ್ಲ. ಲಾಗ್‌ಬುಕ್ ಇಲ್ಲದ ಸೆಕೆಂಡ್ ಹ್ಯಾಂಡ್ ಇಂಜಿನ್ ಅಂತೂ ನಮ್ಮ ಗೇಟ್ ಒಳಗೆ ಬರಲ್ಲ.

ಇನ್ನೊಂದು ಮುಖ್ಯ ವಿಷ್ಯ. ಇಂಜಿನ್ ಇಲ್ಲದ ವಿಮಾನದ ಮೂತಿ ಹಗುರ, ಯಾರಾದ್ರೂ ಸೀಟಿನ ಹಿಂದೆ ಕೈ ಊರಿದ್ರೂ ಸಾಕು ಮುಂದಿನ ಚಕ್ರ ಎದ್ದು ಬಾಲ ನೆಲಕ್ಕೆ ಬಡಿಯುತ್ತೆ. ಅದಕ್ಕೆ ಇಂಜಿನ್ ಮೌಂಟ್‌ಗೆ ಮರಳಿನ ಚೀಲ ಕಟ್ಟಿದೀವಿ. ಅದನ್ನ ಬಿಚ್ಚಬೇಡಿ, ಮಕ್ಕಳನ್ನ ಕರ್ಕೊಂಡು ಬಂದಾಗ ಒಳಗೆ ಕೂರಿಸೋ ಮುಂಚೆ ನಮ್ಮ ಹುಡುಗರನ್ನ ಕರೀರಿ, ಬಾಲದ ಕೆಳಗೆ ಸ್ಟ್ಯಾಂಡ್ ಕೊಡ್ತಾರೆ.

ಕಂತು ವಾಪಸ್ ಬೇಕಾದವರು ಯಾವಾಗ ಬೇಕಾದ್ರೂ ಬಂದು ಹೇಳಿ. ಭಾನುವಾರವೂ ಶೆಡ್ ತೆಗೆದಿರುತ್ತೆ. ಸೀರಿಯಲ್ ನಂಬರ್ ಬಂದ ದಿನ ನಾವೇ ಒಬ್ಬೊಬ್ಬರಿಗೂ ಫೋನ್ ಮಾಡ್ತೀವಿ.

ಇಂತಿ,
ವರ್ಕ್‌ಶಾಪ್ ಬಳಗ