ಹಂಡೆಯಲ್ಲಿ ನೀರು ಕಾಯಿಸಿದವರಿಗೆ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಅಪ್ಪ ದೀಕ್ಷಾಸ್ನಾನ ಮಾಡಿಸಿಕೊಂಡರು. ಯೇಸುವನ್ನು ನಂಬಿದವರನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸುವುದು, ನಮ್ಮ ಕ್ರೈಸ್ತ ಸಭೆಯಲ್ಲಿ ಅದೇ ದೀಕ್ಷಾಸ್ನಾನ. ವಯಸ್ಸು 66. ವಾರಕ್ಕೆ ಮೂರು ದಿನ ಡಯಾಲಿಸಿಸ್. ತೊಟ್ಟಿಯಿಂದ ಎದ್ದವರು ಮುಖ ಒರೆಸಿಕೊಂಡು ಮೊದಲು ಹೇಳಿದ್ದು, "ನೀರು ಬೆಚ್ಚಗಿತ್ತು" ಅಂತ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ಮೂರು ಒಲೆ ಹೂಡಿ, ಹಂಡೆಗಟ್ಟಲೆ ನೀರು ಕಾಯಿಸಿ ಆ ತೊಟ್ಟಿ ತುಂಬಿಸಿದ ನಮ್ಮ ಸಭೆಯ ಅಕ್ಕಂದಿರೇ, ನಿಮಗೆ ಮೊದಲ ವಂದನೆ. ಅವತ್ತು ಅಳು ಬಂದು ಬಾಯಿ ಕಟ್ಟಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಗಿರಣಿ ಮುಚ್ಚಿದ ಮೇಲೆ ಮಂಡಕ್ಕಿ ಭಟ್ಟಿಯ ಕೆಲಸ. ಅಮ್ಮನ ಜೊತೆ ತಪ್ಪದೆ ಸಭೆಗೆ ಬಂದು ಕೊನೇ ಸಾಲಿನಲ್ಲಿ ಕೂರುತ್ತಿದ್ದರು. ದೀಕ್ಷಾಸ್ನಾನಕ್ಕೆ ನಮ್ಮ ಸಭೆಯವರು ಹರಿಹರಕ್ಕೆ, ತುಂಗಭದ್ರೆಗೆ ಹೋಗುವುದು ರೂಢಿ. ಪ್ರತಿ ಸಲವೂ ದಡದಲ್ಲಿ ಟವೆಲ್ ಹಿಡಿದು ನಿಲ್ಲುವವರು ಅಪ್ಪನೇ. ಅಮ್ಮ ಇಳಿದಾಗಲೂ ಅವರೇ, ನಾನು ಇಳಿದಾಗಲೂ ಅವರೇ. ತಾವು ಮಾತ್ರ ಇಳಿಯಲಿಲ್ಲ. ಕೇಳಿದರೆ ಒಂದೇ ಉತ್ತರ: "ಬೀಡಿ ಬಿಟ್ಟ ಮೇಲೆ ನೋಡೋಣ." ಇಪ್ಪತ್ತೆಂಟು ವರ್ಷ ಇದೇ ಮಾತು. ಮೊದಲು ತಾನು ಸರಿಯಾಗಬೇಕು, ಆಮೇಲೆ ದೇವರ ಮುಂದೆ ನಿಲ್ಲಬೇಕು ಅಂತ ಅವರ ಲೆಕ್ಕ. ಆ ಲೆಕ್ಕ ತಪ್ಪು ಅಂತ ನಮ್ಮಲ್ಲಿ ಯಾರೂ ಅವರಿಗೆ ಬಿಡಿಸಿ ಹೇಳಲಿಲ್ಲ. ನನಗೂ ಹೊಳೆದಿರಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಉಸಿರು ಕಟ್ಟಿತು. ಎದುರುಮನೆ ಆಟೋ ಅಣ್ಣ ಬನಿಯನ್ನಿನಲ್ಲೇ ಗಾಡಿ ತೆಗೆದು ಆಸ್ಪತ್ರೆ ಮುಟ್ಟಿಸಿದರು. ಎರಡೂ ಕಿಡ್ನಿ ನಿಂತಿವೆ ಅಂದರು. ಕುತ್ತಿಗೆಗೆ ಕ್ಯಾಥೆಟರ್ ಹಾಕಿ ಡಯಾಲಿಸಿಸ್ ಶುರು ಮಾಡಿದರು. ಆ ಅಣ್ಣ ಇವತ್ತಿನವರೆಗೂ ಆ ರಾತ್ರಿಯ ಬಾಡಿಗೆ ತೆಗೆದುಕೊಂಡಿಲ್ಲ.

ಐಸಿಯು ಹೊರಗೆ ಸಂಬಂಧಿಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನೀರಿಗಿಳಿಯದೆ ಹೋದರೆ ನಿಮ್ಮಪ್ಪನಿಗೆ ರಕ್ಷಣೆ ಇಲ್ಲ" ಅಂದರು. ಬೈಬಲಿನ ಮಾರ್ಕ 16:16 ತೋರಿಸಿದರು. ನಂಬಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವವನು ರಕ್ಷಣೆ ಹೊಂದುವನು ಅಂತ ಅಲ್ಲಿದೆ, ನಿಜ. ಆದರೆ ಅದು ಆ ಹೊತ್ತಿನಲ್ಲಿ ಆಡುವ ಮಾತಲ್ಲ. ಕುತ್ತಿಗೆಯಲ್ಲಿ ನಳಿಕೆ ಇರುವ ಮನುಷ್ಯನನ್ನು ಮುಳುಗಿಸುವುದು ಹೇಗೆ? ಆ ರಾತ್ರಿ ನಾನು ನಡುಗಿಬಿಟ್ಟೆ.

ಪಕ್ಕದ ಮನೆಯ ಅಕ್ಕ ಕಥೋಲಿಕರು, ಪ್ರತಿ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಹೋಗುವವರು. ನನ್ನ ಕೈ ಹಿಡಿದು ಕೂತು, ಸಾವಿನ ಅಪಾಯ ಇದ್ದರೆ ಅವರಲ್ಲಿ ಯಾರು ಬೇಕಾದರೂ ತಲೆ ಮೇಲೆ ನೀರು ಹೊಯ್ದು ದೀಕ್ಷಾಸ್ನಾನ ಕೊಡಬಹುದು ಅಂತ ಹೇಳಿದರು. "ದೇವರು ರಕ್ಷಣೆಯನ್ನ ಈ ನೀರಿಗೆ ಕಟ್ಟಿದಾನೆ. ಆದ್ರೆ ತನ್ನನ್ನೇ ಅದಕ್ಕೆ ಕಟ್ಟಿಹಾಕ್ಕೊಂಡಿಲ್ಲ ಕಣೇ" ಅಂದರು. ಇದು ಅವರ ಸಭೆಯ 1992ರ ಬೋಧನಾ ಗ್ರಂಥದಲ್ಲೇ ಇರುವ ಮಾತು ಅಂತ ಆಮೇಲೆ ಗೊತ್ತಾಯಿತು. ಅಕ್ಕ, ನಮ್ಮ ಸಭೆಗಳು ಬೇರೆ. ಆದರೆ ಆ ರಾತ್ರಿ ನನಗೆ ನಿದ್ದೆ ಬಂದಿದ್ದು ನಿಮ್ಮ ಮಾತಿನಿಂದ.

ಬೆಳಿಗ್ಗೆ ನಮ್ಮ ಪಾಸ್ಟರ್ ಬಂದರು. ಅದೇ ವಚನ ತೆಗೆದು ಅದರ ಎರಡನೇ ಅರ್ಧ ಓದಿಸಿದರು. ದಂಡನೆ ಇರುವುದು ನಂಬದೆ ಹೋಗುವವನಿಗೆ. ನೀರಿನ ಮಾತು ಅಲ್ಲಿ ಮತ್ತೆ ಬರುವುದಿಲ್ಲ. ಒಳಗೆ ಹೋಗಿ ಅಪ್ಪನ ಕಿವಿಯ ಹತ್ತಿರ ಬಗ್ಗಿ, ತನ್ನ ಪಕ್ಕದಲ್ಲೇ ಶಿಲುಬೆಗೆ ಹಾಕಿದ್ದ, ತನ್ನನ್ನು ನಂಬಿದ ಕಳ್ಳನಿಗೆ ಯೇಸು ಹೇಳಿದ್ದನ್ನು ಹೇಳಿದರು: "ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ." ಪರದೈಸು ಅಂದರೆ ಸ್ವರ್ಗ. ಅಪ್ಪ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. ಕಣ್ಣಂಚಿನಲ್ಲಿ ನೀರು. ಯೇಸುವನ್ನು ನಂಬುತ್ತೀರಾ ಅಂದರೆ, ಹೂಂ ಅಂದರು.

ಹೊರಗೆ ಆ ಸಂಬಂಧಿಕರು ಬಿಡಲಿಲ್ಲ. ಕಳ್ಳ ಸತ್ತದ್ದು ಯೇಸು ದೀಕ್ಷಾಸ್ನಾನದ ಆಜ್ಞೆ ಕೊಡುವುದಕ್ಕೆ ಮುಂಚೆ, ಅದು ನಮಗೆ ಲೆಕ್ಕಕ್ಕಿಲ್ಲ ಅಂದರು. ಹಗುರವಾಗಿ ತಳ್ಳಿಹಾಕುವ ಮಾತಲ್ಲ ಅದು. ಪಾಸ್ಟರ್ ಜಗಳಕ್ಕೆ ಹೋಗಲಿಲ್ಲ. "ಕೊರ್ನೇಲ್ಯ ಅನ್ನೋ ರೋಮನ್ ಸೈನ್ಯಾಧಿಕಾರಿಯ ವಿಷಯ ನೋಡಿ, ಬೈಬಲಿನಲ್ಲಿ ಅಪೊಸ್ತಲರ ಕೃತ್ಯ 10. ಆ ಆಜ್ಞೆ ಬಂದ ಮೇಲಿನದು. ಯೇಸುವಿನ ಶಿಷ್ಯ ಪೇತ್ರ ಅವನ ಮನೇಲಿ ಇನ್ನೂ ಮಾತಾಡ್ತಿದ್ದಾಗಲೇ ಕೇಳ್ತಿದ್ದವರ ಮೇಲೆ ಪವಿತ್ರಾತ್ಮ ಇಳಿದು ಬಂದ. ಇನ್ನೂ ಯಾರೂ ನೀರು ಮುಟ್ಟಿರಲಿಲ್ಲ" ಅಂದರು. ಪಾಸ್ಟರ್, ಅಪ್ಪನ ಪ್ರಾಣದ ಭಾರ ಅವತ್ತು ನನ್ನ ತಲೆಯಿಂದ ಇಳಿಯಿತು. ನಿಮಗೆ ಎಷ್ಟು ವಂದನೆ ಹೇಳಿದರೂ ಕಡಿಮೆಯೇ.

ಹದಿನೆಂಟು ದಿನಕ್ಕೆ ಅಪ್ಪ ಮನೆಗೆ ಬಂದರು. ನಿಜವಾದ ಪ್ರಶ್ನೆ ಆಮೇಲೆ ಶುರುವಾಯಿತು. "ಆ ಕಳ್ಳ ನೀರಿಗಿಳಿದಿದ್ನಾ? ನನಗೂ ಅಷ್ಟು ಸಾಕು ಬಿಡು ತಾಯಿ" ಅಂದುಬಿಟ್ಟರು. ಆಸ್ಪತ್ರೆಯಲ್ಲಿ ಜೀವ ಹಿಡಿದಿಟ್ಟ ಮಾತೇ ಮನೆಯಲ್ಲಿ ನೆಪವಾಗುತ್ತಿದೆಯಲ್ಲ ಅಂತ ನನಗೆ ಸಂಕಟ. ಕಳ್ಳನ ಕೈಕಾಲಿಗೆ ಮೊಳೆ ಹೊಡೆದಿದ್ದರು. ಅವನು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಅಪ್ಪ ನಡೆದಾಡುತ್ತಿದ್ದಾರೆ. ಇದನ್ನು ಹೇಳಬೇಕು ಅನ್ನಿಸಿದರೂ, ಒತ್ತಾಯ ಬೇಡ ಅಂತ ಪಾಸ್ಟರ್ ತಡೆದರು. ಸುಮ್ನೆ ಓದಿ ಹೇಳು, ಸಾಕು ಅಂದರು.

ಡಯಾಲಿಸಿಸ್ ಅಂದರೆ ಒಂದು ಸಲಕ್ಕೆ ನಾಲ್ಕು ಗಂಟೆ. ಸೋಮವಾರ, ಬುಧವಾರ, ಶುಕ್ರವಾರ. ಮಂಚದ ಪಕ್ಕ ಕೂತು ಅಪೊಸ್ತಲರ ಕೃತ್ಯಗಳನ್ನು ಓದುತ್ತಾ ಹೋದೆ. ಪೇತ್ರನ ಮಾತು ಕೇಳಿ ಒಂದೇ ದಿನ ಮೂರು ಸಾವಿರ ಜನ ದೀಕ್ಷಾಸ್ನಾನ ಪಡೆದದ್ದು. ದಾರಿಯಲ್ಲಿ ನೀರು ಕಂಡ ಕೂಡಲೇ ರಥ ನಿಲ್ಲಿಸಿದ ಐಥಿಯೋಪ್ಯದವನು. ಫಿಲಿಪ್ಪಿಯ ಸೆರೆಮನೆ ಕಾಯುವವನು, ನಡುರಾತ್ರಿಯಲ್ಲಿ ಸೆರೆಯಲ್ಲಿದ್ದ ಪೌಲ ಸೀಲರ ಗಾಯ ತೊಳೆದು, ಆಗಲೇ ಮನೆಯವರೆಲ್ಲರ ಜೊತೆ. ಅಪ್ಪ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ, "ಇವ್ರಲ್ಲಿ ಬೀಡಿ ಬಿಟ್ಟ ಮೇಲೆ ಅಂದೋನು ಒಬ್ಬನೂ ಇಲ್ವಲ್ಲ" ಅಂದರು.

ಹತ್ತನೇ ಅಧ್ಯಾಯ ಬಂತು. ಪವಿತ್ರಾತ್ಮ ಇಳಿದದ್ದನ್ನು ಓದಿ ಮುಂದಕ್ಕೆ ಹೋದೆ. ಇವರಿಗೆ ನೀರು ಬೇಡ ಅನ್ನುವವರು ಯಾರು ಅಂತ ಪೇತ್ರ ಕೇಳಿ, ದೀಕ್ಷಾಸ್ನಾನ ಮಾಡಿಸಿ ಅಂತ ಅಪ್ಪಣೆ ಕೊಡುತ್ತಾನೆ. ಅಪ್ಪ ಕೈ ಎತ್ತಿ ನಿಲ್ಲಿಸಿದರು. "ಇನ್ನೊಂದ್ಸಲ ಓದು. ಆತ್ಮನೇ ಬಂದಾಯ್ತಲ್ಲ, ಮತ್ತ್ಯಾಕೆ ನೀರು?" ಆಸ್ಪತ್ರೆಯಲ್ಲಿ ನಮಗೆ ಆ ಅಧ್ಯಾಯದ ಅರ್ಧವೇ ಸಾಕಾಗಿತ್ತು. ಉಳಿದ ಅರ್ಧವನ್ನು ಅಪ್ಪ ತಾವೇ ಹಿಡಿದರು.

ಉತ್ತರವನ್ನೂ ಅವರೇ ಹೇಳಿದರು, ಎರಡು ವಾರ ಬಿಟ್ಟು. ಮೆಷಿನ್ ತೋರಿಸಿ, "ರಕ್ತ ತೊಳೆಯೋದು ಅದು, ನಾನಲ್ಲ. ನನ್ನಿಂದ ಅದು ಆಗೋದೂ ಇಲ್ಲ. ನಾನು ಕೈ ಕೊಟ್ಟು ಮಲಗ್ತೀನಿ ಅಷ್ಟೇ. ಆದ್ರೆ ಕೈ ಕೊಡಲ್ಲ ಅಂತ ಮನೇಲಿ ಕೂತ್ರೆ, ನಾನು ಇದನ್ನ ನಂಬಿದೀನಿ ಅಂತ ಹೇಗೆ ಹೇಳ್ಲಿ?" ದಿನಕ್ಕೆ ಒಂದೇ ಲೀಟರ್ ನೀರು, ಉಪ್ಪು ಕಡಿಮೆ, ಎಳನೀರು ಬೇಡ, ಬಾಳೆಹಣ್ಣು ಬೇಡ. ಇದನ್ನೆಲ್ಲ ಅವರು ಪಾಲಿಸುವುದು ಮೆಷಿನ್ನಿಗೆ ಬೆಲೆ ಕಟ್ಟುವುದಕ್ಕಲ್ಲ ಅಲ್ವಾ? ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲ, ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಅನ್ನುತ್ತಾನೆ. ಮುಂದಿನ ವಚನದಲ್ಲೇ ಸತ್ಕ್ರಿಯೆಗಳಿಗಾಗಿ ದೇವರು ನಮ್ಮನ್ನು ಉಂಟುಮಾಡಿದ್ದಾನೆ ಅನ್ನುತ್ತಾನೆ. ವರ್ಷಗಟ್ಟಲೆ ಓದಿದ್ದೆ. ಅರ್ಥವಾದದ್ದು ಆ ಮಂಚದ ಪಕ್ಕ. ವಿಧೇಯತೆ ಬಾಗಿಲಲ್ಲಿ ಕೊಡುವ ಟಿಕೆಟ್ ಅಂತ ತಿಳಿದೇ ಅಪ್ಪ ಇಪ್ಪತ್ತೆಂಟು ವರ್ಷ ದಡದಲ್ಲಿ ನಿಂತಿದ್ದರು.

ಆದರೂ ಕಾಯಬೇಕಾಯಿತು. ಕ್ಯಾಥೆಟರ್ ಒದ್ದೆಯಾದರೆ ಸೋಂಕು. ಡಯಾಲಿಸಿಸ್ ಸೂಜಿ ಚುಚ್ಚಲು ಕೈಯ ರಕ್ತನಾಳಗಳನ್ನು ಜೋಡಿಸುವ ಫಿಸ್ಟುಲಾ ಆಪರೇಷನ್ ಆಗಿ, ಅದು ಬಲಿಯಲು ಎರಡೂವರೆ ತಿಂಗಳು. ಆಮೇಲೆ ಕುತ್ತಿಗೆಯ ನಳಿಕೆ ತೆಗೆದರು. ಡಾಕ್ಟರ್ ಹೊಳೆ ನೀರು ಬೇಡವೇ ಬೇಡ ಅಂದರು. ಶುದ್ಧ ನೀರಾದರೆ, ಸೂಜಿ ಚುಚ್ಚಿದ ಗಾಯ ಪೂರ್ತಿ ಮುಚ್ಚಿದ್ದರೆ ಅಡ್ಡಿಯಿಲ್ಲ ಅಂದರು. ಶುಕ್ರವಾರದ ಗಾಯ ಅಷ್ಟರಲ್ಲಿ ಮುಚ್ಚಿರುತ್ತದೆ, ಅದಕ್ಕೇ ಭಾನುವಾರ. ತುಂಗಭದ್ರೆ ತಪ್ಪಿತು ಅಂತ ಅಪ್ಪನ ಮುಖ ಬಾಡಿತ್ತು. ಆಗ ಪಾಸ್ಟರ್ ದಿದಾಖೆಯ ಮಾತು ತೆಗೆದರು. ಅದು ಮೊದಲ ಕಾಲದ ಸಭೆಯ ಚಿಕ್ಕ ಕೈಪಿಡಿ. ಅದರ ಹಳೆಯ ಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತಂತೆ. ಹರಿಯುವ ನೀರು ಇಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯಿರಿ ಅಂತ ಅದರಲ್ಲಿ ಬರೆದಿದೆ. ಅಷ್ಟು ಹಿಂದೆಯೇ ಯಾರೋ ಅಪ್ಪನಂಥವರನ್ನು ನೆನೆದು ಬರೆದಿಟ್ಟಿದ್ದಾರೆ ಅನ್ನಿಸಿತು.

ಡಯಾಲಿಸಿಸ್ ಘಟಕದ ಅಣ್ಣಂದಿರೇ, ಸಿಸ್ಟರ್‌ಗಳೇ, ನನ್ನ ಓದನ್ನು ಸಹಿಸಿಕೊಂಡಿದ್ದಕ್ಕೆ, ಸೂಜಿ ಚುಚ್ಚುವಾಗಲೆಲ್ಲ "ನೋವಾಯ್ತಾ ಅಪ್ಪಾಜಿ" ಅಂತ ಕೇಳಿದ್ದಕ್ಕೆ ವಂದನೆ. ಅಪ್ಪ ಇನ್ನೂ ಆಗೊಮ್ಮೆ ಈಗೊಮ್ಮೆ ಬೀಡಿಗೆ ತಡಕಾಡುತ್ತಾರೆ. ಅವರಿಗಾಗಿ ಪ್ರಾರ್ಥನೆ ಮಾಡಿ. ಭಾನುವಾರ ದಡ ಇರಲಿಲ್ಲ. ಆದರೆ ತೊಟ್ಟಿಯ ಪಕ್ಕ ಟವೆಲ್ ಹಿಡಿದು ನಿಂತಿದ್ದವರು ನಮ್ಮಮ್ಮ.

ಇನ್ನೊಂದು. ಹಿತ್ತಾಳೆಯ ದೊಡ್ಡ ಹಂಡೆಯೊಂದು ನಮ್ಮ ಮನೆಯಲ್ಲೇ ಉಳಿದಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಮಸಿ ತೆಗೆದು ಇಟ್ಟಿದ್ದೇನೆ. ಯಾರದ್ದು ಅಂತ ತಿಳಿಸಿದರೆ ಆಟೋ ಅಣ್ಣನ ಕೈಲಿ ಕಳಿಸುತ್ತೇನೆ.