ಎಲೆ ಲೆಕ್ಕ ಮೊದಲು, ಛತ್ರ ಆಮೇಲೆ

ಚಿ. ಪುಟ್ಟಿಗೆ,

ಹಾಸನದಿಂದ ನಿನ್ನ ಸೋದರತ್ತೆಯ ಆಶೀರ್ವಾದಗಳು. ಮದುವೆಯ ಜವಾಬ್ದಾರಿ ನೀವಿಬ್ಬರೇ ಹೊರುತ್ತೀರಿ, ಖರ್ಚೂ ನಿಮ್ಮ ದುಡಿಮೆಯಿಂದಲೇ ಎಂದು ಬರೆದಿದ್ದೀಯ. ನನಗೆ ತುಂಬಾ ಹಿಡಿಸಿದ ಮಾತು ಅದು. ಆದರೆ ಕೊನೆಯಲ್ಲಿ ‘ಈ ವಾರ ಛತ್ರ ನೋಡಿ ಅಡ್ವಾನ್ಸ್ ಕೊಟ್ಟುಬಿಡ್ತೀವಿ’ ಎಂದಿದ್ದೀಯಲ್ಲ, ಅದನ್ನು ಓದಿ ಕೂಡಲೇ ಬರೆಯಲು ಕೂತೆ. ಈಗಲೇ ಕೊಡಬೇಡ. ನಿಮ್ಮದಿನ್ನೂ ಎಲೆ ಲೆಕ್ಕ ಆಗಿಲ್ಲ.

ಊಟಕ್ಕೆ ಎಷ್ಟು ಎಲೆ ಬೀಳುತ್ತದೆ ಅನ್ನುವುದು ಗೊತ್ತಾಗದೆ ಛತ್ರದ ಅಳತೆ ಗೊತ್ತಾಗುವುದಿಲ್ಲ, ಅಡುಗೆಯ ದುಡ್ಡು ಗೊತ್ತಾಗುವುದಿಲ್ಲ, ಮುಹೂರ್ತ ಎಷ್ಟು ಹೊತ್ತಿಗೆ ಇಟ್ಟುಕೊಳ್ಳಬೇಕು ಅನ್ನುವುದೂ ಗೊತ್ತಾಗುವುದಿಲ್ಲ. ಮುನ್ನೂರು ಕಾರ್ಡು ಅಚ್ಚು ಹಾಕಿಸುತ್ತೇವೆ ಅಂದಿದ್ದೀಯ. ಕಾರ್ಡು ಲೆಕ್ಕವಲ್ಲ. ಆಫೀಸಿನವರಿಗೆ ಕೊಟ್ಟ ಒಂದು ಕಾರ್ಡಿಗೆ ಒಬ್ಬರೇ ಬರಬಹುದು, ನಿನ್ನ ಅಜ್ಜಿ ಮನೆ ಕಡೆಗೆ ಕೊಟ್ಟ ಒಂದು ಕಾರ್ಡಿಗೆ ಆರು ಜನ ಬರಬಹುದು. ಒಂದು ಉದ್ದನೆಯ ನೋಟ್‌ಬುಕ್ ತಗೊ. ಮನೆಗೊಂದು ಸಾಲು. ಪ್ರತಿ ಸಾಲಿನ ಮುಂದೆ ಮೂರು ಚೌಕ ಗೀಚು: ಹಿಂದಿನ ರಾತ್ರಿ ಆರತಕ್ಷತೆ ಊಟ, ಬೆಳಗಿನ ತಿಂಡಿ, ಮುಹೂರ್ತದ ಊಟ. ಹೆಸರು ಬರೆದು, ಮೂರರಲ್ಲೂ ಎಷ್ಟು ಜನ ಎಂದು ಪೆನ್ಸಿಲ್‌ನಲ್ಲಿ ಹಾಕು. ಬೆಂಗಳೂರಿನಿಂದ ಬರುವ ನಿಮ್ಮ ಸ್ನೇಹಿತರು ಆರತಕ್ಷತೆಗೆ ಬಂದು ರಾತ್ರಿಯೇ ಹೊರಡುತ್ತಾರೆ. ಅಕ್ಕಪಕ್ಕದ ಹಳ್ಳಿಯವರು ಮುಹೂರ್ತಕ್ಕೆ ಮಾತ್ರ ಬರುತ್ತಾರೆ. ಧಾರವಾಡದಿಂದ ಬಸ್ಸಿನಲ್ಲಿ ಬರುವ ಹುಡುಗನ ಕಡೆಯವರು ಮೂರೂ ಹೊತ್ತಿಗೆ ಇರುತ್ತಾರೆ, ಅವರಿಗೆ ಹಾಸಿಗೆ, ಬಿಸಿನೀರು, ಬೆಳಗಿನ ಜಾವದ ಕಾಫಿಯೂ ಬೇಕು. ಮೂರನ್ನೂ ಒಂದೇ ಸಂಖ್ಯೆಯಲ್ಲಿ ಹೇಳಿದರೆ ಮೂರು ಹೊತ್ತಿಗೂ ದೊಡ್ಡ ಸಂಖ್ಯೆಗೇ ದುಡ್ಡು ಕೊಡುತ್ತೀರಿ.

ಪಟ್ಟಿ ಬರೆಯುವಾಗಲೇ ಜಗಳ ಶುರುವಾಗುವುದು. ‘ಅಪ್ಪ ಸುಮ್ಮಸುಮ್ಮನೆ ಇನ್ನೂರು ಜನರನ್ನ ಸೇರಿಸ್ತಾರೆ’ ಎಂದು ಬೇಜಾರು ಮಾಡಿಕೊಂಡಿದ್ದೀಯ. ಸುಮ್ಮಸುಮ್ಮನೆ ಅಲ್ಲ ಪುಟ್ಟಿ. ಮನೆಯಲ್ಲಿ ಮುಯ್ಯಿ ಪುಸ್ತಕ ಇದೆ, ನಿನ್ನ ಅಕ್ಕನ ಮದುವೆಯದು, ಹೊಸ ಮನೆ ಗೃಹಪ್ರವೇಶದ್ದು. ಯಾರು ಎಷ್ಟು ಮುಯ್ಯಿ, ಅಂದರೆ ಉಡುಗೊರೆ, ಮಾಡಿದರು ಎಂದು ಅದರಲ್ಲಿ ಸಾಲುಸಾಲಾಗಿ ಇದೆ. ನಿಮ್ಮಪ್ಪ ಅವರ ಮನೆಯ ಊಟ ಉಂಡಿದ್ದಾನೆ, ಅವರನ್ನು ಕರೆಯದಿದ್ದರೆ ನಾಳೆ ಊರಿನಲ್ಲಿ ತಲೆ ಎತ್ತಿ ಓಡಾಡುವುದು ಅವನಿಗೆ ಕಷ್ಟ. ಆ ಪುಸ್ತಕ ಕೇಳಿ ತಗೊಂಡು ಅಪ್ಪನ ಜೊತೆಯಲ್ಲೇ ಕೂತು ನೋಡು. ಅದರಲ್ಲಿ ಇರುವವರು ಪಟ್ಟಿಯಲ್ಲಿ ಇರಲಿ. ಅದರಲ್ಲೂ ಇಲ್ಲ, ಹತ್ತಿರದ ನೆಂಟರೂ ಅಲ್ಲ, ಐದು ವರ್ಷದಿಂದ ಮಾತುಕತೆಯೂ ಇಲ್ಲ ಎನ್ನುವವರನ್ನು ಅಪ್ಪನೇ ಹೊಡೆದುಹಾಕುತ್ತಾನೆ, ನೀನು ಹೇಳಬೇಕಾಗಿಲ್ಲ. ಧಾರವಾಡದಲ್ಲಿ ನಿನ್ನ ಹುಡುಗನೂ ಹೀಗೇ ಆಹೇರಿ ಪಟ್ಟಿ (ಅವರ ಕಡೆ ಮುಯ್ಯಿಗೆ ಆಹೇರಿ ಅನ್ನುತ್ತಾರೆ) ಹಿಡಿದು ಅವನ ಅಪ್ಪ ಅಮ್ಮನ ಜೊತೆ ಕೂರಲಿ. ನಿಮ್ಮಪ್ಪನಿಗೆ ‘ಬೇಡ’ ಅನ್ನಬೇಕಾದಾಗ ನೀನೇ ಹೇಳು, ಹುಡುಗನ ತಾಯಿಗೆ ‘ಆಗಲ್ಲ’ ಅನ್ನಬೇಕಾದಾಗ ಅವನೇ ಹೇಳಲಿ. ಇದೊಂದು ಅದಲುಬದಲಾದರೆ, ಮದುವೆ ಮುಗಿದು ಹತ್ತು ವರ್ಷವಾದರೂ ಆ ಮಾತು ಮನೆಯಲ್ಲಿ ಸುತ್ತುತ್ತಿರುತ್ತದೆ.

ಮುಹೂರ್ತದ ಊಟಕ್ಕೆ 600 ಎಲೆ ಬಂತು ಎಂದಿಟ್ಟುಕೊ. ಈಗ ಛತ್ರ ನೋಡಲು ಹೋಗಿ. ಮಂಟಪದ ಹಾಲ್ ಎಷ್ಟು ದೊಡ್ಡದು ಎಂದು ಎಲ್ಲರೂ ನೋಡುತ್ತಾರೆ, ನೀವು ನೇರವಾಗಿ ಊಟದ ಹಾಲಿಗೆ ಹೋಗಿ ಕುರ್ಚಿ ಎಣಿಸಿ. ಒಂದು ಪಂಕ್ತಿಗೆ 200 ಜನ ಕೂರುವಂತಿದ್ದರೆ 600 ಎಲೆಗೆ ಮೂರು ಪಂಕ್ತಿ. ಎಲೆ ಹಾಕಿ, ಬಡಿಸಿ, ಉಂಡು, ಟೇಬಲ್ ಒರೆಸಿ ಮತ್ತೆ ಎಲೆ ಹಾಕಲು 45 ನಿಮಿಷ ಬೇಕು. ಮೂರು ಪಂಕ್ತಿಗೆ ಎರಡು ಕಾಲು ಗಂಟೆ. 120 ಜನರ ಹಾಲಾದರೆ ಐದು ಪಂಕ್ತಿ, ಹತ್ತಿರ ಹತ್ತಿರ ನಾಲ್ಕು ಗಂಟೆ. ಅಂಥ ಕಡೆ ಮೂರನೇ ಪಂಕ್ತಿಗೇ ಜನ ಕೂತವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಲ್ಲುತ್ತಾರೆ. ಉಣ್ಣುವವರಿಗೂ ನೆಮ್ಮದಿಯಿಲ್ಲ, ನಿಂತವರಿಗೂ ಇಲ್ಲ. ಒಟ್ಟು ಎಲೆಯ ಮೂರನೇ ಒಂದು ಭಾಗದಷ್ಟು ಜನ ಒಟ್ಟಿಗೆ ಕೂರುವ ಹಾಲ್ ಇರಬೇಕು, ಅದಕ್ಕಿಂತ ಚಿಕ್ಕದಾದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬಿಡಿ.

ಮುಹೂರ್ತಕ್ಕೂ ಎಲೆಗೂ ಏನು ಸಂಬಂಧ ಅಂತ ಕೇಳ್ತೀಯ. ನಮ್ಮ ಕಡೆ ಬೆಳಗ್ಗೆ ಹತ್ತು, ಹತ್ತೂವರೆಯೊಳಗೆ ಧಾರೆ ಮುಗಿಯುತ್ತದೆ, ಹನ್ನೊಂದೂವರೆಗೆ ಮೊದಲ ಪಂಕ್ತಿ ಕೂರುತ್ತದೆ. ಧಾರವಾಡದ ಕಡೆ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವುದೇ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ. ಛತ್ರದವರು ನಾಲ್ಕು ಗಂಟೆಗೆ ಖಾಲಿ ಮಾಡಿ ಅಂದರೆ, ಒಂದು ಗಂಟೆಗೆ ಶುರುವಾದ ಊಟ ಮೂರೂಕಾಲಿಗೆ ಮುಗಿಯುತ್ತದೆ. ಆಮೇಲೆ ಅಡುಗೆಯವರ, ವಾಲಗದವರ, ಡ್ರೈವರ್‌ಗಳ ಊಟ, ಪಾತ್ರೆ ತೊಳೆದು ಒಪ್ಪಿಸುವುದು, ನಿನ್ನನ್ನು ಕಳಿಸಿಕೊಡುವ ಶಾಸ್ತ್ರ, ಎಲ್ಲವೂ ಮುಕ್ಕಾಲು ಗಂಟೆಯಲ್ಲಿ ಆಗಬೇಕು. ಆಗುವುದಿಲ್ಲ. ಹಾಗಾಗಿ ಎರಡೂ ಮನೆಯವರು ಕೂತು, ಬೆಳಗ್ಗೆ ಹನ್ನೊಂದು, ಹನ್ನೊಂದೂವರೆಯೊಳಗಿನ ಲಗ್ನ ನೋಡಿಸಿ. ಅದು ಒಪ್ಪಿಗೆಯಾಗದಿದ್ದರೆ ಛತ್ರವನ್ನು ಸಂಜೆ ಆರರವರೆಗೆ ಬರೆಸಿಕೊಳ್ಳಿ. ಆಷಾಢ, ಪಿತೃಪಕ್ಷ, ಗುರು ಶುಕ್ರರ ಅಸ್ತ ಇರುವ ದಿನಗಳಲ್ಲಿ ಛತ್ರ ಸುಲಭವಾಗಿ ಸಿಗುತ್ತದೆ. ನಿಮಗಿಬ್ಬರಿಗೂ ಇದರಲ್ಲಿ ನಂಬಿಕೆಯಿಲ್ಲದಿರಬಹುದು, ಆದರೂ ಅವನ್ನು ಬಿಡಿ. ಹಿರಿಯರು ಒಲ್ಲದ ಮನಸ್ಸಿನಿಂದ ಅಕ್ಷತೆ ಹಾಕುವಂತಾಗಬಾರದು. ದುಡ್ಡು ಉಳಿಯಬೇಕಾದರೆ ಲಗ್ನದ ತಿಂಗಳಲ್ಲೇ ವಾರದ ನಡುವಿನ ದಿನ ಹುಡುಕಿ.

ಛತ್ರದ ಬಾಡಿಗೆ ಅನ್ನುವುದು ಛತ್ರದ ಖರ್ಚಿನ ಅರ್ಧ ಮಾತು ಅಷ್ಟೇ. ಕರೆಂಟು ಮೀಟರಿನ ಪ್ರಕಾರವೋ ಒಟ್ಟಿಗೋ, ಜನರೇಟರ್ ಗಂಟೆಗೆ ಎಷ್ಟು, ಅಡುಗೆ ಗ್ಯಾಸ್ ಸಿಲಿಂಡರ್ ಯಾರದು, ಕ್ಲೀನಿಂಗ್, ಕಸ ಸಾಗಿಸುವ ದುಡ್ಡು, ಪಾತ್ರೆ ಬಾಡಿಗೆ, ಜಿಎಸ್‌ಟಿ ಸೇರಿದೆಯೋ ಬೇರೆಯೋ, ನೀರು ಖಾಲಿಯಾದರೆ ಟ್ಯಾಂಕರ್ ಯಾರು ತರಿಸಬೇಕು, ಮಂಟಪದ ಡೆಕೊರೇಷನ್ ಅವರು ಹೇಳಿದವರಿಂದಲೇ ಆಗಬೇಕೋ, ಇಷ್ಟನ್ನೂ ರಸೀದಿಯ ಮೇಲೆ ಬರೆಸಿ. ಬೀಗದ ಕೈ ತಗೊಳ್ಳುವಾಗ ಕರೆಂಟು ಮೀಟರಿನ ಫೋಟೊ ಹೊಡೆದುಕೊ, ವಾಪಸು ಕೊಡುವಾಗ ಇನ್ನೊಂದು. ಆ ಎರಡು ಫೋಟೊ ಇದ್ದರೆ ವಾದವೇ ಇರುವುದಿಲ್ಲ.

ಅಡುಗೆಯವರ ಬಳಿ ಮಾತಾಡುವುದು ಎಲೆಯ ದರದ ಮೇಲೆ. ನೀವು ಕನಿಷ್ಠ ಇಷ್ಟು ಎಲೆ ಎಂದು ಗ್ಯಾರಂಟಿ ಕೊಡಬೇಕು. ಅಷ್ಟು ಜನ ಬರದಿದ್ದರೂ ದುಡ್ಡು ಕೊಡಲೇಬೇಕು, ಹೆಚ್ಚಾದದ್ದಕ್ಕೆ ಎಲೆಗಿಷ್ಟು ಎಂದು ಸೇರುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ 600 ಬಂದಿದ್ದರೆ 540 ಎಂದು ಗ್ಯಾರಂಟಿ ಹೇಳಿ, 600ರವರೆಗೆ ಸಿದ್ಧವಿರಲಿ ಅನ್ನಿ. ಹೆಚ್ಚುವರಿ ಎಲೆಗೂ ಅದೇ ದರ ಇರಲಿ ಎಂದು ಮೊದಲೇ ಒಪ್ಪಿಸಿ. ಫೋಟೊದವರು, ವಾಲಗದವರು, ಡ್ರೈವರ್‌ಗಳು ಸೇರಿ 25ರಿಂದ 30 ಎಲೆ ಆಗುತ್ತದೆ, ಇದನ್ನು ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ, ನೀನು ಬರಿ. ಎಲೆ ಎಣಿಸುವ ಕೆಲಸಕ್ಕೆ ಒಬ್ಬ ನಂಬಿಕಸ್ತ ಹುಡುಗನನ್ನು ನೇಮಿಸು. ಪ್ರತಿ ಪಂಕ್ತಿ ಕೂತು ಅನ್ನ ಬಡಿಸಿದ ಮೇಲೆ ಅವನು ಸಾಲಿನ ಒಂದು ತುದಿಯಿಂದ ನಡೆದು ಎಣಿಸಿ, ಚೀಟಿಯಲ್ಲಿ ಬರೆದು, ಅಡುಗೆಯವರ ಕಡೆಯವರಿಂದ ಅಲ್ಲೇ ಒಂದು ಸಹಿ ಹಾಕಿಸಬೇಕು. ಹಾಗೆ ಮಾಡದೆ, ಊಟವೆಲ್ಲ ಮುಗಿದ ಮೇಲೆ ಕಟ್ಟು ಬಿಚ್ಚಿದ ಎಲೆ ಎಷ್ಟು, ಉಳಿದದ್ದೆಷ್ಟು ಎಂದು ಲೆಕ್ಕ ಹಾಕಿದರೆ ಹರಿದ ಎಲೆ, ಒರೆಸಲು ಬಳಸಿದ ಎಲೆ ಎಲ್ಲವೂ ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಸಾಮಾನು ನೀವೇ ತಂದು, ಅಡುಗೆ ಭಟ್ಟರಿಗೆ ಕೂಲಿ ಮಾತ್ರ ಕೊಡುವುದಾದರೆ ಚಿತ್ರಾನ್ನ, ಸಿಹಿ ಇರುವ ಊಟಕ್ಕೆ 100 ಎಲೆಗೆ ಅಕ್ಕಿ 10ರಿಂದ 12 ಕೆಜಿ, ಬಡಿಸುವ ತುಪ್ಪ ಒಂದು ಕೆಜಿ, ಮೊಸರು 10 ಲೀಟರ್ ಎಂದು ಇಟ್ಟುಕೊ. ಐಟಂ ಹೆಚ್ಚಿಸುವ ಆಸೆ ಬೇಡ. ಕೋಸಂಬರಿ, ಎರಡು ಪಲ್ಯ, ಗೊಜ್ಜು, ಹಪ್ಪಳ, ಚಿತ್ರಾನ್ನ, ತೊವ್ವೆ, ಹುಳಿ, ಸಾರು, ಒಂದು ಸಿಹಿ, ಮೊಸರು. ಇದು ತುಂಬಿದ ಎಲೆ. ಹುಡುಗನ ಕಡೆಯವರಿಗಾಗಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಹಿಂದಿನ ರಾತ್ರಿ ಊಟದಲ್ಲಿ ಇರಲಿ. ಏಳೆಂಟು ಗಂಟೆ ಬಸ್ಸಿನಲ್ಲಿ ಕೂತು ಬಂದವರಿಗೆ ತಮ್ಮ ಊಟ ಎದುರಿಗೆ ಕಂಡರೆ ಆಗುವ ಸಮಾಧಾನ ಬೇರೆ ಯಾವ ಉಪಚಾರದಿಂದಲೂ ಆಗುವುದಿಲ್ಲ.

ಆರತಕ್ಷತೆಗೆ 400 ಜನ ಅಂದರೆ ನಾಲ್ಕು ನಾಲ್ಕು ಜನ ವೇದಿಕೆ ಹತ್ತಿದರೂ 100 ಗುಂಪು, ಒಂದು ಗುಂಪಿಗೆ 40 ಸೆಕೆಂಡು ಹಿಡಿದರೆ ಒಂದು ಗಂಟೆಯ ಮೇಲೆ. ಆರೂವರೆ ಎಂದು ಕಾರ್ಡಿನಲ್ಲಿ ಹಾಕಿ ನೀವು ಎಂಟಕ್ಕೆ ಬಂದು ನಿಂತರೆ ಎಲ್ಲರೂ ಸಾಲಿನಲ್ಲೇ ಸುಸ್ತಾಗುತ್ತಾರೆ. ಮೇಕಪ್ಪಿನವರಿಗೆ ಮೂರೂವರೆಗೇ ಬರಲು ಹೇಳು. ವೇದಿಕೆಗೆ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಮೆಟ್ಟಿಲಿರಲಿ.

ಇನ್ನು ಶಾಸ್ತ್ರದ ಮಾತು. ‘ಎಲ್ಲಾ ಬಿಟ್ಟು ಸಹಿ ಹಾಕಿ ಮುಗಿಸಿದರೂ ಆಗುತ್ತಲ್ಲ ಅತ್ತೆ’ ಎಂದು ಕೇಳಿದ್ದೀಯ. ಆಗುತ್ತದೆ, ಆದರೆ ಯಾವ ಕಾಯ್ದೆಯಲ್ಲಿ ಅನ್ನುವುದು ಮುಖ್ಯ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಎರಡು ಮನೆಗಳಲ್ಲಿ ಒಂದರ ಪದ್ಧತಿಯಂತೆ ಶಾಸ್ತ್ರ ನಡೆದಿರಲೇಬೇಕು. ಶಾಸ್ತ್ರವಿಲ್ಲದೆ ಬರೀ ಸರ್ಟಿಫಿಕೇಟ್ ಮಾಡಿಸಿದರೆ ಅದು ಆ ಕಾಯ್ದೆಯ ಮದುವೆ ಆಗುವುದಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಶಾಸ್ತ್ರ ಬೇಡವೆಂದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ನಿಮ್ಮಲ್ಲಿ ಒಬ್ಬರು ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯ ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು, ಆಮೇಲೆ 30 ದಿನ ಕಾಯಬೇಕು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮೂವರು ಸಾಕ್ಷಿಗಳ ಎದುರು ಮದುವೆ ಆಗಬೇಕು. ಕುವೆಂಪು ಅವರ ಮಂತ್ರಮಾಂಗಲ್ಯದಂತೆ ಸರಳವಾಗಿ ಮಾಡಿಕೊಳ್ಳುವವರಿಗೂ ನಾನು ಹೇಳುವ ದಾರಿ ಇದೇ. ನೀವು ಛತ್ರದಲ್ಲಿ ಧಾರೆ ಎರೆಸಿಕೊಳ್ಳುವವರಾದ್ದರಿಂದ ಮೊದಲನೆಯದು ಸಾಕು. ಮದುವೆಯ ನೋಂದಣಿಗೆ ಸರ್ಕಾರದ ಕಾವೇರಿ 2.0 ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಇಬ್ಬರ ವಯಸ್ಸಿನ ಮತ್ತು ವಿಳಾಸದ ದಾಖಲೆ, ಲಗ್ನಪತ್ರಿಕೆ, ಮಾಂಗಲ್ಯಧಾರಣೆಯ ಫೋಟೊ, ಸಾಕ್ಷಿಗಳ ಗುರುತಿನ ಚೀಟಿ ಒಂದೇ ಕವರಿನಲ್ಲಿ ಇಟ್ಟುಕೊ. ಕಾರ್ಡಿನಲ್ಲಿ ಅಚ್ಚಾದ ಹೆಸರು ಆಧಾರ್‌ನಲ್ಲಿರುವ ಹಾಗೇ ಇದೆಯೇ ಎಂದು ಅಚ್ಚಿಗೆ ಕೊಡುವ ಮುಂಚೆ ನೋಡು.

ಎರಡೂ ಕಡೆಯ ಪುರೋಹಿತರನ್ನು ಹದಿನೈದು ದಿನ ಮುಂಚೆ ಫೋನಿನಲ್ಲಾದರೂ ಮಾತಾಡಿಸು. ಅವರ ಕಡೆಯ ಸುರಗಿ ಸ್ನಾನದ ಶಾಸ್ತ್ರ ಯಾವಾಗ, ನಮ್ಮ ಜೀರಿಗೆ ಬೆಲ್ಲದ ಶಾಸ್ತ್ರ ಯಾವಾಗ, ಅಕ್ಕಿಕಾಳು ಯಾವಾಗ ಎಂದು ಒಂದೇ ಹಾಳೆಯಲ್ಲಿ ಬರೆಸಿ ಇಬ್ಬರಿಗೂ ಒಂದೊಂದು ಪ್ರತಿ ಕೊಡು. ಮಂಟಪದ ಮೇಲೆ ಇಬ್ಬರು ಪುರೋಹಿತರು ಚರ್ಚೆಗೆ ನಿಂತರೆ ಲಗ್ನ ಮೀರಿಹೋಗುತ್ತದೆ.

ಅಕ್ಷತೆಗೆ ನೀರು ಮುಟ್ಟಿಸಬೇಡಿ. ನೀರಿನಲ್ಲಿ ಅರಿಶಿನ ಕಲಸಿದರೆ ಬೆಳಗಾಗುವುದರೊಳಗೆ ಮುದ್ದೆ ಕಟ್ಟಿ ಹುಳಿವಾಸನೆ ಬರುತ್ತದೆ, ರೇಷ್ಮೆ ಸೀರೆಯ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಒಂದು ಕೆಜಿ ಅಕ್ಕಿಗೆ ಎರಡು ಚಮಚ ಅರಿಶಿನ, ಎರಡು ಚಮಚ ಕರಗಿಸಿದ ತುಪ್ಪ ಹಾಕಿ ಅಂಗೈಯಲ್ಲಿ ಉಜ್ಜಿದರೆ ಕಾಳುಕಾಳಾಗಿ ಇರುತ್ತದೆ. ಮುನ್ನೂರು ಜನಕ್ಕೆ ಒಂದು ಕೆಜಿ ಸಾಕು. ಹೂವಿನ ಹಾರವನ್ನೂ ಹೂವಿನವರು ನೀರು ಚಿಮುಕಿಸಿಯೇ ತರುತ್ತಾರೆ, ಕೊರಳಿಗೆ ಹಾಕುವ ಮುಂಚೆ ಚೆನ್ನಾಗಿ ಕೊಡವಿ, ಒಳಬದಿಯನ್ನು ಹತ್ತಿಬಟ್ಟೆಯಿಂದ ಒತ್ತಿಸು.

ತಾಳಿ, ಕಾಲುಂಗುರಕ್ಕೆ ಹೋದಾಗ ಚಿನ್ನದ ಮೇಲೆ 916 (22 ಕ್ಯಾರೆಟ್) ಗುರುತಿನ ಜೊತೆ ಆರು ಅಕ್ಷರ ಅಂಕೆಗಳ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಆದ ಹಾಲ್‌ಮಾರ್ಕ್ ಸಂಖ್ಯೆ, ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಅಲ್ಲೇ ಹಾಕಿ ಪರೀಕ್ಷಿಸಿ. ವೇಸ್ಟೇಜು, ಮಜೂರಿ ಬೇರೆಬೇರೆಯಾಗಿ ಬಿಲ್ಲಿನಲ್ಲಿ ಬರಲಿ.

ದುಡ್ಡಿಗೆ ಇಬ್ಬರ ಹೆಸರಲ್ಲೂ ಒಂದು ಜಂಟಿ ಖಾತೆ ತೆರೆದು, ಮದುವೆಯ ಖರ್ಚೆಲ್ಲ ಅದರಿಂದಲೇ ಹೋಗಲಿ. ಒಟ್ಟು ಮೊತ್ತದಲ್ಲಿ ಹತ್ತನೇ ಒಂದು ಭಾಗವನ್ನು ಯಾವುದಕ್ಕೂ ಹಂಚದೆ ಇಡಿ, ಕೊನೆಯ ಎರಡು ದಿನದಲ್ಲಿ ಅದು ತಾನಾಗಿ ಖರ್ಚಾಗುತ್ತದೆ. ಯಾರಿಗೂ ಕಾಲು ಭಾಗಕ್ಕಿಂತ ಹೆಚ್ಚು ಅಡ್ವಾನ್ಸ್ ಬೇಡ. ಫೋಟೊದವರಿಗೆ ಆಲ್ಬಮ್ ಕೈಗೆ ಬರುವವರೆಗೆ ಕಾಲು ಭಾಗ ಬಾಕಿ ಇರಲಿ. ಸಾಲ ಮಾಡಬೇಡಿ. ಸಾಲ ಮಾಡಬೇಕಾಗಿ ಬಂದರೆ ಎಲೆ ಹೆಚ್ಚಾಗಿದೆ ಎಂದರ್ಥ, ನೋಟ್‌ಬುಕ್ಕಿಗೆ ವಾಪಸು ಹೋಗಿ. ಎರಡೂ ಮನೆಯವರು ಪ್ರೀತಿಯಿಂದ ಕೊಟ್ಟ ಉಡುಗೊರೆಗಳ ಪಟ್ಟಿಯನ್ನು ಬರೆದು ನೀವಿಬ್ಬರೂ ಸಹಿ ಮಾಡಿಡಿ, ವರದಕ್ಷಿಣೆ ಕಾಯ್ದೆಯ ನಿಯಮವೂ ಅದನ್ನೇ ಕೇಳುತ್ತದೆ.

ವಾರಕ್ಕೆ ಒಂದು ದಿನ, ಒಂದೇ ಗಂಟೆ, ಮದುವೆಯ ಕೆಲಸ ಮಾತಾಡಿ. ಉಳಿದ ಸಂಜೆಗಳಲ್ಲಿ ಅದನ್ನು ಎತ್ತಬೇಡಿ. ಆರು ತಿಂಗಳು ದಿನಾ ಶಾಮಿಯಾನ, ಕಾರ್ಡು, ದರ ಎಂದೇ ಮಾತಾಡಿದರೆ ನೀವಿಬ್ಬರೂ ಒಬ್ಬರಿಗೊಬ್ಬರು ಕಂಟ್ರಾಕ್ಟರ್‌ಗಳಂತಾಗುತ್ತೀರಿ, ಅದು ನನಗೆ ಇಷ್ಟವಿಲ್ಲ.

ಬರುವ ಭಾನುವಾರ ಇಬ್ಬರೂ ಬೆಳಗ್ಗೆಯೇ ಹೊರಟು ಬನ್ನಿ. ಮುಯ್ಯಿ ಪುಸ್ತಕ, ಧಾರವಾಡದ ಪಟ್ಟಿ, ಒಂದು ರಬ್ಬರ್ ತನ್ನಿ. ಮಧ್ಯಾಹ್ನದೊಳಗೆ ಮೂರೂ ಹೊತ್ತಿನ ಎಲೆ ಕೂಡಿಸಿಬಿಡೋಣ. ಊಟ ಮಾಡಿಕೊಂಡು, ಸಂಜೆ ಛತ್ರಗಳ ಊಟದ ಹಾಲ್ ನೋಡಲು ನಾನೂ ಬರುತ್ತೇನೆ.

ಇಂತಿ,
ನಿನ್ನ ಸೋದರತ್ತೆ